ಗಾಜಿಗೆ ಕಲಾಯಿ

ಶಶಿಕಾಂತ ಸರ್ ಒಂದಲ್ಲ ಒಂದು ದಿನ ತನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದೇ ಬರುತ್ತಾರೆ ಎಂದು ಜಹೀದಾ ಎಂಟು ವರ್ಷ ಕಾದಿದ್ದಳು. ಬಂದರೆ ಏನು ಅನ್ನಬೇಕು, ಹೇಗೆ ನೋಡಬೇಕು ಎಂಬುದನ್ನು ಮನಸ್ಸಿನಲ್ಲೇ ಎಷ್ಟು ಸಲ ಆಡಿ ನೋಡಿದ್ದಳೆಂದರೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ನಿಜವಾಗಿಯೂ ಬಂದು ಎದುರಿಗೆ ನಿಂತಾಗ ಅವಳು ಹಿಡಿದ ಕೆಲಸವನ್ನೂ ಬಿಡಲಿಲ್ಲ.

ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಸೀರೆ ಅಂಗಡಿಗೂ ಚಹಾದ ಅಂಗಡಿಗೂ ನಡುವೆ, ಅವಳದೊಂದು ಮೊಬೈಲ್ ರಿಪೇರಿ ಅಂಗಡಿ. ಒಡೆದ ಟಚ್ ಗಾಜು ತೆಗೆದು ಹೊಸದು ಕೂಡಿಸುವುದರಲ್ಲಿ ಅವಳ ಕೈ ರೋಣದ ತನಕ ಹೆಸರಾಗಿತ್ತು. ಆ ಹೊತ್ತಿಗೆ ಸೂಡಿಯವರೊಬ್ಬರ ಫೋನನ್ನು ಬಿಸಿ ಗಾಳಿಗೆ ಹಿಡಿದು ಗಾಜು ಬಿಡಿಸುತ್ತಿದ್ದಳು. ತಲೆ ಎತ್ತಿದಳು, ಗುರುತು ಹಿಡಿದಳು, ಮತ್ತೆ ತಲೆ ತಗ್ಗಿಸಿ ಗಾಜು ಪೂರ್ತಿ ಬಿಡುವ ತನಕ ಕೆಲಸ ಮಾಡಿದಳು. ಕೂತುಕೊಳ್ಳಿ ಅನ್ನಲಿಲ್ಲ. ಸರ್ ಬಿಸಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ನಿಂತೇ ಇದ್ದರು. ಕೂದಲು ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು, ಅಂಗಿಯ ಜೇಬಿನ ಮೇಲೆ ಅವರ ಕಂಪನಿಯ ಹೆಸರಿನ ಕಸೂತಿ ಇತ್ತು.

ಈ ಇಬ್ಬರ ನಡುವೆ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು.

ಜಹೀದಾ ಕಲಾಯಿಗಾರ ಖಾಜಾಸಾಬರ ಒಬ್ಬಳೇ ಮಗಳು. ಹಿತ್ತಾಳೆ, ತಾಮ್ರದ ಭಾಂಡೆಗಳ ಒಳಗೆ ತವರ ಬಳಿದು ಬೆಳ್ಳಿಯ ಹಾಗೆ ಹೊಳೆಸುವುದು ಖಾಜಾಸಾಬರ ಕಸುಬು. ಮನೆಮನೆಗೆ ಸ್ಟೀಲು ಬಂದ ಮೇಲೆ ಆ ಕಸುಬು ಸೊರಗಿತ್ತು. ಆದರೂ ಹೋಟೆಲಿನವರು, ಮಠದವರು, ಮದುವೆಗೆ ದೊಡ್ಡ ಹಂಡೆ ಇಳಿಸುವವರು ಅವರನ್ನೇ ಕರೆಯುತ್ತಿದ್ದರು. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ನರಗುಂದಕ್ಕೆ ಹೋಗಿ, ಕಾಳಿನ ಪೇಟೆಯ ಹಿಂದಿನ ಬೇವಿನ ಮರದ ಕೆಳಗೆ ಒಲೆ ಹೂಡುತ್ತಿದ್ದರು. ಚಿಕ್ಕವಳಿದ್ದಾಗ ರಜೆ ಬಂತೆಂದರೆ ಜಹೀದಾ ತಂದೆಯ ಜೊತೆಗೆ ಹೋಗಿ ತಿದಿ ಒತ್ತುತ್ತಿದ್ದಳು. ಬಿಸಿ ಭಾಂಡೆಗೆ ನವಸಾಗರದ ಪುಡಿ ಸೋಕಿದಾಗ ಏಳುವ ಹೊಗೆ ನೋಡಿಯೇ ಕಾವು ಸಾಲದು, ಹೆಚ್ಚಾಯಿತು, ಈಗ ತವರ ಹಿಡಿಯುತ್ತದೆ ಎಂದು ಹೇಳಬಲ್ಲವಳಾಗಿದ್ದಳು.

ಪಿಯುಸಿ ವಿಜ್ಞಾನ ಮುಗಿಸಿದ ಮೇಲೆ ಅವಳಿಗೆ ನರಗುಂದದ ಒಂದು ಖಾಸಗಿ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಶಶಿಕಾಂತ ಅಲ್ಲಿ ಉಪನ್ಯಾಸಕರು. ಆಗ ಪಿಎಚ್.ಡಿ.ಗಾಗಿ ಕಾಣದ ಕರೆಂಟಿನ ಬೆನ್ನು ಹತ್ತಿದ್ದರು. ಗಾಜು ಗಾಜಿನ ಹಾಗೆಯೇ ಕಾಣಬೇಕು, ಆಚೆ ಇಟ್ಟ ಪುಸ್ತಕ ಓದಲು ಬರಬೇಕು, ಆದರೆ ಅದರ ಮೈಮೇಲೆ ಕರೆಂಟು ಹರಿಯಬೇಕು. ಬಿಸಿ ಗಾಜಿನ ಮೇಲೆ ತವರದ ಉಪ್ಪನ್ನು ಕರಗಿಸಿ ಸಿಂಪಡಿಸಿದರೆ ಅದು ಕೂದಲಿಗಿಂತ ನೂರು ಪಟ್ಟು ತೆಳುವಾದ ಪದರಾಗಿ ಕೂರುತ್ತದೆ. ತಂತಿಯಿಲ್ಲದೆ, ಯಾರ ಕಣ್ಣಿಗೂ ಬೀಳದೆ ಕರೆಂಟು ಒಯ್ಯುತ್ತದೆ. ಸರ್ ಇದನ್ನು ಅವಳಿಗೆ ಮೊದಲ ಸಲ ವಿವರಿಸಿದಾಗ ಜಹೀದಾ ನಕ್ಕು, ಹಾಗಾದರೆ ಇದು ಗಾಜಿಗೆ ಕಲಾಯಿ ಮಾಡಿದ ಹಾಗೆ ಅಲ್ಲವೇ ಎಂದಿದ್ದಳು. ಸರ್‌ಗೆ ಆ ಮಾತು ಹಿಡಿಸಲಿಲ್ಲ.

ಪುಸ್ತಕದಲ್ಲಿದ್ದ ಪ್ರಕಾರ ಸರ್ ಮಾಡಿದ ಗಾಜುಗಳೆಲ್ಲ ಹಾಲು ಬಿದ್ದಂತೆ ಮಬ್ಬಾದವು. ಬೇಸತ್ತು ಸಿಂಪಡಿಸುವ ಬುಡ್ಡಿಯನ್ನು ಅವಳ ಕೈಗೆ ಕೊಟ್ಟರು. ಜಹೀದಾ ಒಮ್ಮೆಲೆ ಸಿಂಪಡಿಸಲಿಲ್ಲ. ಒಂದು ಉಸಿರಿನಷ್ಟು ಸಿಂಪಡಿಸಿ, ಗಾಜು ಮತ್ತೆ ಕಾವು ಹಿಡಿಯುವ ತನಕ ಕಾದು, ಮತ್ತೊಂದು ಉಸಿರು. ಗಾಜಿನ ಮೇಲೆ ಮೊದಲು ಹಳದಿ, ಆಮೇಲೆ ನೇರಳೆ, ಆಮೇಲೆ ಹಸಿರು ನೆರಳು ಸುಳಿಯುತ್ತಿತ್ತು. ಎರಡನೆಯ ಹಸಿರು ಬಂದಾಗ ಕೈ ನಿಲ್ಲಿಸಬೇಕು ಎಂಬುದನ್ನು ಅವಳೇ ಕಂಡುಕೊಂಡಳು. ಆದರೂ ನಾಲ್ಕು ಗಾಜಿನಲ್ಲಿ ಎರಡು ಮಬ್ಬಾಗುತ್ತಲೇ ಇದ್ದವು. ಆರು ತಿಂಗಳಾದ ಮೇಲೆ ಒಂದು ದಿನ ಗಾಜು ತೊಳೆಯುವಾಗ ಅವಳಿಗೆ ಕಾರಣ ಹೊಳೆಯಿತು. ಒಂದು ಮಗ್ಗಲಿನ ಮೇಲೆ ನೀರಿನ ಹನಿ ಹರಡಿಕೊಳ್ಳುತ್ತಿತ್ತು, ತಿರುವಿ ಹಾಕಿದರೆ ಗುಂಡಗೆ ನಿಲ್ಲುತ್ತಿತ್ತು. ಗಜೇಂದ್ರಗಡದ ಗಾಜಿನ ಅಂಗಡಿಯ ಇಲಿಯಾಸನನ್ನು ಕೇಳಿದಾಗ, ಕಾರ್ಖಾನೆಯಲ್ಲಿ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡುತ್ತಾರೆ, ಹಾಗಾಗಿ ಕಿಟಕಿಯ ಗಾಜಿಗೆಲ್ಲ ಒಂದು ಮಗ್ಗಲು ತವರ ಮುಟ್ಟಿದ್ದೇ ಇರುತ್ತದೆ ಎಂದ. ಎರಡೂ ಮಗ್ಗಲಿಗೆ ಸಿಂಪಡಿಸಿ ನೋಡಿ, ಅಂದಿನಿಂದ ಅವಳು ತವರ ಮುಟ್ಟಿದ, ಹನಿ ಹರಡುವ ಮಗ್ಗಲನ್ನೇ ಮೇಲೆ ಮಾಡಿ ಇಟ್ಟಳು. ಒಂದು ಗಾಜೂ ಕೆಡಲಿಲ್ಲ.

ಅದನ್ನು ಸರ್‌ಗೆ ಹೇಳಲು ಹೋಗಿದ್ದಳು. ಅವರು ಫೋನಿನಲ್ಲಿದ್ದರು. ಗಾಜು ಅಂದರೆ ಗಾಜು, ನೀನು ಮೊದಲು ಬೀಕರು ತೊಳೆ ಎಂದು ಕೈಬೀಸಿದರು. ಆ ಸಂಜೆ ಅವಳು ತಂದೆಗೆ ಹೇಳಿದಳು. ಗಾಜೂ ತವರದ ಮೇಲೆಯೇ ಹುಟ್ಟುತ್ತದೆ ಎಂದು ಕೇಳಿ ಖಾಜಾಸಾಬರಿಗೆ ಎಷ್ಟು ಖುಷಿಯಾಯಿತೆಂದರೆ, ಮನೆಗೆ ಬಂದವರಿಗೆಲ್ಲ ಒಂದು ವಾರ ಅದನ್ನೇ ಹೇಳಿದರು.

ವಿಶ್ವವಿದ್ಯಾಲಯದವರು ಪರಿಶೀಲನೆಗೆ ಬಂದಾಗ ಅವರಲ್ಲೊಬ್ಬರು ಗಾಜುಗಳನ್ನು ಬೆಳಕಿಗೆ ಹಿಡಿದು, ಇಷ್ಟು ತಿಳಿಯಾಗಿ ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಜಹೀದಾ ಮೂಲೆಯಲ್ಲಿ ನಿಂತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ: "ನಾನ್ರಿ." ಬಂದವರು ನಕ್ಕರು. ಹಾಗಾದರೆ ಡಿಗ್ರಿ ಈ ಹುಡುಗಿಗೇ ಕೊಡೋಣ ಎಂದು ಒಬ್ಬರು ಚೇಷ್ಟೆ ಮಾಡಿದರು. ಶಶಿಕಾಂತ ಸಹ ನಕ್ಕರು. ಆದರೆ ಅವರ ಕಿವಿ ಕೆಂಪಾದದ್ದನ್ನು ಜಹೀದಾ ನೋಡಿದಳು.

ಹತ್ತು ದಿನಕ್ಕೆ ಲ್ಯಾಬಿನಿಂದ ತವರದ ಉಪ್ಪಿನ ಬಾಟಲಿ ಕಾಣೆಯಾಯಿತು ಎಂದು ಸರ್ ದೂರು ಕೊಟ್ಟರು. ಕಲಾಯಿಗಾರನ ಮಗಳಲ್ಲದೆ ತವರ ಬೇರೆ ಯಾರಿಗೆ ಬೇಕು ಎಂದರು. ಅದು ಖಾಜಾಸಾಬರು ನರಗುಂದಕ್ಕೆ ಬರುವ ದಿನ. ಜವಾನ ಪರಶಪ್ಪನನ್ನು ಕಳಿಸಿ, ಬೇವಿನ ಮರದ ಕೆಳಗಿಂದ ಅವರನ್ನು ಚೀಲದ ಸಮೇತ ಕರೆಸಿದರು. ಕಚೇರಿಯ ಪಡಸಾಲೆಯಲ್ಲಿ ಎಲ್ಲ ಸಿಬ್ಬಂದಿಯ ಮುಂದೆ ಚೀಲ ಸುರುವಿದ್ದೂ ಪರಶಪ್ಪನೇ. ಇಕ್ಕಳ, ಅರಳೆಯ ಉಂಡೆ, ನವಸಾಗರದ ಪೊಟ್ಟಣ, ತವರದ ಎರಡು ಕಡ್ಡಿ. ಶಶಿಕಾಂತ ಕಡ್ಡಿಗಳನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಬಾಟಲಿಯಲ್ಲಿದ್ದದ್ದು ಬಿಳಿ ಉಪ್ಪು, ಇದು ಲೋಹ, ಎರಡೂ ಬೇರೆ ಎಂದು ಜಹೀದಾ ಅಂಗಲಾಚಿ ಹೇಳಿದಳು. ಅಲ್ಲಿ ನಿಂತಿದ್ದ ರಸಾಯನಶಾಸ್ತ್ರದ ಇಬ್ಬರಿಗೆ ಅದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಖಾಜಾಸಾಬರು ಕೆಳಗೆ ಕೂತು ಒಂದೊಂದೇ ಸಾಮಾನು ಆರಿಸಿ ಚೀಲಕ್ಕೆ ತುಂಬಿಕೊಂಡರು. ತವರದ ಕಡ್ಡಿಗಳನ್ನು ಕಾಲೇಜಿನವರು ಇಟ್ಟುಕೊಂಡರು.

ಅವಳ ಕೆಲಸ ಹೋಯಿತು. ಅದಕ್ಕಿಂತ ದೊಡ್ಡದು, ಖಾಜಾಸಾಬರು ಮತ್ತೆ ನರಗುಂದಕ್ಕೆ ಕಾಲಿಡಲಿಲ್ಲ. ಪೇಟೆಯವರು ಕರೆದರೂ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಕರೆಯುವುದೂ ನಿಂತಿತು. ಎರಡು ವರ್ಷ ಮನೆಯ ಕಟ್ಟೆಯ ಮೇಲೆ ಕೂತು, ಒಂದು ಚಳಿಗಾಲ ಜ್ವರದಲ್ಲಿ ತೀರಿಕೊಂಡರು. ಮೈಯತ್ತಿಗೆ, ಮಣ್ಣು ಕೊಡಲು ಬಂದವರೊಬ್ಬರು, ಖಾಜಾಸಾಬ ಒಳ್ಳೆಯ ಮನುಷ್ಯ, ಅದೊಂದು ನರಗುಂದದ ಪ್ರಕರಣ ಬಿಟ್ಟರೆ ಎಂದರು. ಆ ಮಾತು ಜಹೀದಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಮುಂದೊಂದು ದಿನ ಫೋನಿನಲ್ಲಿ ಸರ್ ಪ್ರಕಟಿಸಿದ ಲೇಖನ ಹುಡುಕಿ ತೆಗೆದಳು. ಅದರಲ್ಲಿ ಗಾಜಿನ ಚಿತ್ರವಿತ್ತು. ಗಾಜನ್ನು ಹಿಡಿದ ಹೆಬ್ಬೆರಳು ಅವಳದು, ಸುಟ್ಟ ಕಲೆಯ ಸಮೇತ. ಹೆಸರು ಎಲ್ಲಿಯೂ ಇರಲಿಲ್ಲ.

ಈಗ ಆ ಮನುಷ್ಯ ಮೆಟ್ಟಿಲ ಮೇಲೆ ನಿಂತಿದ್ದರು.

ಹಿಂದಿನದೆಲ್ಲ ಹಿಂದಾಯಿತು ಎಂದು ಶುರು ಮಾಡಿದರು. ಕ್ಷಮೆ ಎಂಬ ಪದ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಕಂಪನಿ ಮಾಡಿದ್ದರು, ಐದು ಹುಡುಗಿಯರು ಕೆಲಸಕ್ಕಿದ್ದರು. ಪುಣೆಯ ದೊಡ್ಡ ಕಂಪನಿಯೊಂದು ಅವರ ಗಾಜನ್ನು ಕೊಳ್ಳಲು ಮುಂದೆ ಬಂದಿತ್ತು. ಹೇಳುತ್ತ ಹೇಳುತ್ತ ಸರ್‌ಗೆ ಹಳೆಯ ಹುರುಪು ಬಂತು. ಬಸ್ಸಿನ ಕಿಟಕಿಯ ಗಾಜಿನ ಮೇಲೆಯೇ ಮುಂದಿನ ಊರಿನ ಹೆಸರು ಮೂಡುತ್ತದೆ, ಆಚೆಯ ಹೊಲವೂ ಕಾಣುತ್ತದೆ. ಮನೆಯ ಕಿಟಕಿಯೇ ಬಿಸಿಲು ಕುಡಿದು ಕರೆಂಟು ಮಾಡುತ್ತದೆ. ತೂಕ ಕಡಿಮೆಯ ಎಳೆಗೂಸನ್ನು ಇಡುವ ಪೆಟ್ಟಿಗೆಯ ಗೋಡೆಗಳೇ ಬೆಚ್ಚಗಾಗುತ್ತವೆ, ನಾಲ್ಕೂ ಕಡೆಯಿಂದ ತಾಯಿಗೆ ಕೂಸು ಕಾಣುತ್ತದೆ. ಜಹೀದಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಏಕೆಂದರೆ ಅವಳು ಆಸೆಯಿಂದ ಕೇಳುತ್ತಿದ್ದಳು.

ತೊಂದರೆ ಏನೆಂದರೆ ನಾಲ್ಕರಲ್ಲಿ ಎರಡು ಗಾಜು ಮಬ್ಬಾಗುತ್ತಿದ್ದವು. ಚಿಕ್ಕ ಗಾಜಿದ್ದಾಗ ಆರಿಸಿ ಕಳಿಸಿ ಹೇಗೋ ನಡೆದಿತ್ತು, ಪುಣೆಯವರು ಅದಕ್ಕೆ ಒಪ್ಪುತ್ತಿರಲಿಲ್ಲ. ಅವರ ಇಂಜಿನಿಯರ್ ಬಂದು ಕಣ್ಣಾರೆ ನೋಡುತ್ತಾರೆ. ಒಂದು ದಿನ ಬಂದು ಕೈ ಆಡಿಸಿ ಹೋಗು ಎಂದರು ಸರ್.

ಜಹೀದಾ ಬಿಸಿ ಗಾಳಿಯ ಯಂತ್ರ ಆರಿಸಿದಳು. "ಹುಬ್ಬಳ್ಳಿಗೆ ನಾ ಬರಂಗಿಲ್ರಿ ಸರ. ನರಗುಂದದಾಗ, ಅದ ಕಾಲೇಜಿನಾಗ, ಅದ ಲ್ಯಾಬಿನಾಗ ಆದ್ರ ಬರ್ತೇನಿ. ಅವತ್ತ ಇದ್ದ ಮಂದಿನೂ ಇರ್ಬೇಕು."

ಸರ್ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಅವರಿಗೆ ಅದು ಒಳ್ಳೆಯ ಉಪಾಯವಾಗಿಯೇ ಕಂಡಿತು. ಹಳೆಯ ಕಾಲೇಜು, ಹಳೆಯ ಸಹೋದ್ಯೋಗಿಗಳು, ಪುಣೆಯ ಅತಿಥಿ. ಪತ್ರಿಕೆಯವರನ್ನೂ ಕರೆಯಬಹುದು. ಆಗಲಿ ಎಂದರು.

ಅವರು ಹೋದ ಮೇಲೆ ಜಹೀದಾ ಚಹಾ ತರಿಸಿಕೊಂಡು ನಿಧಾನಕ್ಕೆ ಕುಡಿದಳು. ಎಂಟು ವರ್ಷದಲ್ಲಿ ಅಷ್ಟು ರುಚಿಯ ಚಹಾ ಕುಡಿದ ನೆನಪಿರಲಿಲ್ಲ.

ಮುಂದಿನ ಮೂರು ವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಮನೆಯ ಹಿತ್ತಲಲ್ಲಿ ಕೈ ಪಳಗಿಸಿಕೊಂಡಳು. ಇಲಿಯಾಸನ ಅಂಗಡಿಯಿಂದ ಒಂದೇ ಹಾಳೆಯ ಗಾಜನ್ನು ಒಂದೇ ಅಳತೆಗೆ ಕತ್ತರಿಸಿ ತಂದಳು. ತಾಯಿ ಹಸೀನಾಗೆ ಮಗಳ ಮುಖ ನೋಡಿ ಹೆದರಿಕೆಯಾಯಿತು. ಹೋದವರು ಹೋದರು, ಆ ಮನುಷ್ಯನ ತಂಟೆಗೆ ಹೋಗಬೇಡ ಎಂದು ಎರಡು ಮೂರು ಸಲ ಹೇಳಿದಳು. ಜಹೀದಾ ಹೂಂ ಅನ್ನುತ್ತಿದ್ದಳು, ಗಾಜು ತೊಳೆಯುತ್ತಿದ್ದಳು. ಯಾವ ಮಗ್ಗಲಿನಲ್ಲಿ ಗಾಜು ತಿಳಿಯಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಈಗ ಅವಳು ಕಲಿಯುತ್ತಿದ್ದದ್ದು, ಬೇಕೆಂದೇ ಹೇಗೆ ಕೆಡಿಸಬೇಕು ಎಂಬುದನ್ನು.

ಗೊತ್ತಾದ ದಿನ ಬೆಳಗಿನ ಬಸ್ಸು ಹಿಡಿದಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಬಿದ್ದವು, ರೋಣದಲ್ಲಿ ಬಸ್ಸು ಬದಲಿಸಿದಳು, ಕಾಲುವೆ ದಾಟಿದ ಮೇಲೆ ನರಗುಂದದ ಕೋಟೆ ಗುಡ್ಡ ಕಂಡಿತು. ಬೇವಿನ ಮರದ ಕೆಳಗೆ ಈಗ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಅವಳು ಅಲ್ಲಿ ನಿಲ್ಲಲಿಲ್ಲ.

ಕಾಲೇಜಿನ ಗೇಟಿನಲ್ಲಿ ಪರಶಪ್ಪ ಸಿಕ್ಕ. ಮುದುಕನಾಗಿದ್ದ. ಅವಳನ್ನು ನೋಡಿ, ಗಾಜಿನ ಪೆಟ್ಟಿಗೆಯನ್ನು ಅವಳ ಕೈಯಿಂದ ಇಸಿದುಕೊಂಡು ಮುಂದೆ ನಡೆದ.

ಲ್ಯಾಬಿನಲ್ಲಿ ಮೂವತ್ತು ಜನ ಸೇರಿದ್ದರು. ಪ್ರಾಚಾರ್ಯರು, ಹಳೆಯ ಉಪನ್ಯಾಸಕರು, ವಿದ್ಯಾರ್ಥಿಗಳು, ಸರ್ ಕಂಪನಿಯ ಹುಡುಗಿಯರು. ಪುಣೆಯಿಂದ ಬಂದ ಇಂಜಿನಿಯರ್ ಮಧುಮತಿ ಎಂಬ ನಲವತ್ತರ ಹೆಂಗಸು. ಧಾರವಾಡದ ಕಡೆಯವಳಾದ್ದರಿಂದ ಕನ್ನಡ ಸರಾಗವಾಗಿತ್ತು. ಶಶಿಕಾಂತ ತಮ್ಮ ಸಂಶೋಧನೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ತಾವು ಕಂಡುಕೊಂಡ ವಿಧಾನ, ತಮ್ಮ ಹತ್ತು ವರ್ಷದ ಶ್ರಮ. ಕೊನೆಗೆ ಜಹೀದಾಳತ್ತ ಕೈ ತೋರಿಸಿ, ಈಕೆ ನಮ್ಮ ಹಳೆಯ ಅಟೆಂಡರ್, ನಾನು ಹೇಳಿದಂತೆ ಇವತ್ತು ಸಿಂಪಡಿಸುತ್ತಾಳೆ ಎಂದರು.

ಜಹೀದಾ ಮುಖಕ್ಕೆ ಮಾಸ್ಕು ಕಟ್ಟಿ, ಹೊಗೆ ಎಳೆಯುವ ಫ್ಯಾನು ಹಾಕಿ, ಮೊದಲ ಗಾಜನ್ನು ಬಿಸಿ ಹಂಚಿನ ಮೇಲೆ ಇಟ್ಟಳು. ತವರ ಮುಟ್ಟಿದ ಮಗ್ಗಲು ಕೆಳಗೆ. ಯಾವ ಅವಸರವೂ ಇಲ್ಲದೆ ಅಚ್ಚುಕಟ್ಟಾಗಿ ಸಿಂಪಡಿಸಿದಳು. ಗಾಜು ಆರಿದ ಮೇಲೆ ಎತ್ತಿ ಹಿಡಿದರೆ ಮಂಜು ಕವಿದಂತೆ ಮಬ್ಬು.

ಸರ್ ನಕ್ಕರು. ಇವತ್ತು ಗಾಳಿಯಲ್ಲಿ ತೇವ ಹೆಚ್ಚಿದೆ ಎಂದರು. ಹೊರಗೆ ಏಪ್ರಿಲ್‌ನ ಬಿಸಿಲು ನೆಲ ಸೀಳುತ್ತಿತ್ತು. ಮಧುಮತಿ ಬರೆದುಕೊಂಡಳು. ಎರಡನೆಯ ಗಾಜಿಗೆ ಸರ್ ತಾವೇ ಪಕ್ಕಕ್ಕೆ ನಿಂತು, ಕಾವು ಏರಿಸು, ಇಳಿಸು, ಇನ್ನೂ ದೂರದಿಂದ ಸಿಂಪಡಿಸು ಎಂದು ಒಂದೊಂದನ್ನೂ ಹೇಳಿದರು. ಜಹೀದಾ ಹೇಳಿದ್ದನ್ನೆಲ್ಲ ಮಾಡುವಂತೆ ತೋರಿಸಿದಳು, ಆದರೆ ಕಾವಿನ ಗುಂಡಿಯನ್ನು ಮೊದಲಿದ್ದಲ್ಲಿಗೇ ತಂದು ಬಿಟ್ಟಳು. ಅದೂ ಮಬ್ಬಾಯಿತು. ಈ ಸಲ ಸರ್ ನಗಲಿಲ್ಲ. ಅಂಗಿಯ ಬೆನ್ನು ಒದ್ದೆಯಾಗಿ ಮೈಗೆ ಅಂಟಿತ್ತು. ಉಪ್ಪು ಹಳೆಯದಿರಬೇಕು, ಕರೆಂಟು ಏರಿಳಿತವಾಗುತ್ತಿದೆ, ಇವಳ ಕೈ ತಪ್ಪಿದೆ ಎಂದು ಒಂದರ ಮೇಲೊಂದು ಕಾರಣ ಹೇಳಿದರು. ಹಿಂದಿನ ಸಾಲಿನಲ್ಲಿ ವಿದ್ಯಾರ್ಥಿಗಳು ಪಿಸುಗುಟ್ಟಿದರು. ಮಧುಮತಿ ಗಡಿಯಾರ ನೋಡಿಕೊಂಡಳು.

ಆಗ ಜಹೀದಾ ಮಾಸ್ಕು ಇಳಿಸಿದಳು. "ಮೂರನೇದ್ದು ತಿಳಿ ಮಾಡಿ ಕೊಡ್ತೇನ್ರಿ. ಅದಕ್ಕಿಂತ ಮೊದ್ಲ ಸರ ಒಂದ್ ಮಾತು ಹೇಳ್ಬೇಕು. ಅವತ್ತ ನಮ್ಮಪ್ಪನ ಚೀಲದಾಗ ಸಿಕ್ಕ ತವರ ಯಾರದು?"

ಆ ವಿಷಯ ಈಗ ಏಕೆ, ಹೊರಗೆ ಮಾತಾಡೋಣ ಎಂದು ಸರ್ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಪ್ರಾಚಾರ್ಯರು ಕುರ್ಚಿಯಲ್ಲಿ ಸರಿದಾಡಿದರು. ಅತಿಥಿಯ ಮುಂದೆ ಇದೆಂಥದು ಎಂದು ಯಾರೋ ಗೊಣಗಿದರು. ಜಹೀದಾ ದನಿ ಏರಿಸಲಿಲ್ಲ.

"ಹಂಚು ಆರಾಕತ್ತೈತಿ ಸರ," ಎಂದಳು.

ಶಶಿಕಾಂತ ಮಬ್ಬಾದ ಎರಡು ಗಾಜುಗಳನ್ನು ನೋಡಿದರು, ಮಧುಮತಿಯನ್ನು ನೋಡಿದರು. ಅವರು ಮನಸ್ಸಿನಲ್ಲಿ ತೂಗಿ ನೋಡುತ್ತಿರುವುದು ಅವರ ಮುಖದ ಮೇಲೆಯೇ ಕಾಣುತ್ತಿತ್ತು. ಎಂದೋ ಸತ್ತ ಒಬ್ಬ ಕಲಾಯಿಗಾರನ ಮಾತು. ಹೇಳಿದರೆ ಏನು ಹೋಗುತ್ತದೆ.

"ಅದು ಖಾಜಾಸಾಬಂದ," ಎಂದರು.

"ಖಾಜಾಸಾಬರದು ಅನ್ರಿ."

"ಖಾಜಾಸಾಬರದು."

"ಕಾಲೇಜಿನ ಬಾಟ್ಲಿ ಎಲ್ಲಿತ್ತು?"

ಸರ್ ನೆಲ ನೋಡುತ್ತ, ತಮ್ಮ ಕಪಾಟಿನಲ್ಲಿಯೇ ಇತ್ತು ಎಂದರು. ಹಿಂದಿನವರಿಗೆ ಕೇಳಲಿಲ್ಲ ಎಂದಳು ಜಹೀದಾ. ಅವರು ಮತ್ತೊಮ್ಮೆ ಹೇಳಿದರು, ಈ ಸಲ ಎಲ್ಲರಿಗೂ ಕೇಳುವ ಹಾಗೆ. ಬಾಗಿಲಲ್ಲಿ ನಿಂತಿದ್ದ ಪರಶಪ್ಪ ಕೈಯಲ್ಲಿದ್ದ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಅಂದು ಸುಮ್ಮನಿದ್ದ ರಸಾಯನಶಾಸ್ತ್ರದವರಲ್ಲೊಬ್ಬರು ಕಿಟಕಿಯ ಕಡೆ ತಿರುಗಿದರು.

ಜಹೀದಾ ಮಾಸ್ಕು ಕಟ್ಟಿದಳು, ಹಂಚು ಮತ್ತೆ ಕಾವು ಹಿಡಿಯುವ ತನಕ ಕಾದಳು. ಮೂರನೆಯ ಗಾಜಿಗೆ ಒಂದು ಹನಿ ನೀರು ಸೋಕಿಸಿ ನೋಡಿ, ತಿರುವಿ ಇಟ್ಟಳು. ಒಂದು ಉಸಿರು, ನಿಲುಗಡೆ, ಒಂದು ಉಸಿರು. ಹಳದಿ ಬಂತು, ನೇರಳೆ ಬಂತು, ಹಸಿರು ಹೋಗಿ ಮತ್ತೆ ಬಂತು. ಕೈ ನಿಲ್ಲಿಸಿದಳು. ಆರಿದ ಗಾಜನ್ನು ಎತ್ತಿ ಮಧುಮತಿಯ ಪುಸ್ತಕದ ಮೇಲೆ ಇಟ್ಟಾಗ ಅಲ್ಲಿ ಗಾಜಿದೆ ಎಂದು ಗೊತ್ತಾಗುತ್ತಲೇ ಇರಲಿಲ್ಲ; ಅಕ್ಷರಗಳೆಲ್ಲ ಇದ್ದಂತೆಯೇ ಕಂಡವು. ಎರಡು ಅಂಚಿಗೆ ಕ್ಲಿಪ್ಪು ಸಿಕ್ಕಿಸಿ ಬ್ಯಾಟರಿ ಜೋಡಿಸಿದಳು. ನಡುವೆ ತಂತಿ ಇಲ್ಲ, ಏನೂ ಇಲ್ಲ, ಆಚೆ ತುದಿಯ ದೀಪ ಹತ್ತಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್‌ಗೆ ಹೋದ ಜೀವ ಬಂತು. ಮುಂದೆ ಬಂದು, ನಮ್ಮ ವಿಧಾನ ಸರಿಯಾಗಿ ಪಾಲಿಸಿದರೆ ಫಲ ಹೀಗೆ ಎಂದರು. ಅವಳ ಭುಜ ತಟ್ಟಲು ಕೈ ಎತ್ತಿದರು, ಅವಳು ಸರಿದು ನಿಂತಳು.

ಮಧುಮತಿ ಮೂರೂ ಗಾಜುಗಳನ್ನು ಸಾಲಾಗಿ ಇಟ್ಟುಕೊಂಡು ಸರ್‌ಗೆ ಕೇಳಿದಳು: ಮೊದಲಿನ ಎರಡಕ್ಕೂ ಇದಕ್ಕೂ ಏನು ವ್ಯತ್ಯಾಸ?

ಈ ಸಲ ಕಾವು ಸ್ಥಿರವಾಗಿತ್ತು, ಅದೇ ಮುಖ್ಯ ಎಂದು ಸರ್ ಶುರು ಮಾಡಿದರು.

"ಮೂರಕ್ಕೂ ಕಾವು ಒಂದ ಇತ್ರಿ," ಎಂದಳು ಜಹೀದಾ. "ಉಪ್ಪೂ ಒಂದ, ಕೈಯೂ ಒಂದ. ಸರ, ನೀವು ಕಂಡ ಹಿಡಿದ ವಿಧಾನ ಅಂತೀರಿ. ಗಾಜಿನ ಯಾವ ಮಗ್ಗಲಾ ಮ್ಯಾಲ ಮಾಡಿ ಇಡಬೇಕು, ಹೇಳ್ರಿ."

"ಗಾಜಿಗೆ ಎಂಥಾ ಮಗ್ಗಲು?" ಎಂದರು ಶಶಿಕಾಂತ. "ಎರಡೂ ಒಂದೇ."

ಮಧುಮತಿ ಬರೆಯುವುದನ್ನು ನಿಲ್ಲಿಸಿದಳು. ಗಾಜನ್ನು ಕಾರ್ಖಾನೆಯಲ್ಲಿ ಯಾವುದರ ಮೇಲೆ ತೇಲಿಸುತ್ತಾರೆ ಎಂದು ಶಾಂತವಾಗಿ ಕೇಳಿದಳು. ಸರ್ ಅವರ ಪಿಎಚ್.ಡಿ., ಲೇಖನಗಳು, ಕಂಪನಿ, ಅರ್ಧ ಗಂಟೆಯ ಭಾಷಣ ಎಲ್ಲವೂ ಅಲ್ಲಿಯೇ ನಿಂತಿದ್ದವು, ಉತ್ತರ ಮಾತ್ರ ಬರಲಿಲ್ಲ. ಮಧುಮತಿ ಪೆನ್ನಿಗೆ ಮುಚ್ಚಳ ಹಾಕಿ ಜಹೀದಾಳತ್ತ ತಿರುಗಿದಳು.

"ಮೊದಲಿನ ಎರಡನ್ನ ಬೇಕಂತ ಕೆಡಿಸಿದಿರಿ?"

"ಹೌದ್ರಿ."

"ಯಾಕ?"

"ಅವರ ಮಾರಿ ನೋಡ್ಬೇಕಿತ್ರಿ," ಎಂದಳು ಜಹೀದಾ.

ನೋಡಿದಳು. ತೃಪ್ತಿಯಾಗುವಷ್ಟು ಹೊತ್ತು, ಕಣ್ಣು ಮಿಟುಕಿಸದೆ ನೋಡಿದಳು. ಕಿವಿಯಿಂದ ಹಿಡಿದು ಕತ್ತಿನ ತನಕ ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ಇಳಿದ ಆ ಮುಖವನ್ನು ಒಂದು ಗೆರೆಯೂ ಬಿಡದಂತೆ ಮನಸ್ಸಿಗೆ ಇಳಿಸಿಕೊಂಡಳು. ಆಮೇಲೆ ಕೆಟ್ಟ ಎರಡು ಗಾಜನ್ನು ಮೇಜಿನ ಮೇಲೆಯೇ ಬಿಟ್ಟು, ಚೆನ್ನಾಗಿದ್ದದ್ದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ರೋಣದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಎರಡು ಪ್ಲೇಟು ಮಿರ್ಚಿ ಭಜಿ ತಿಂದಳು. ಬಹಳ ಹಸಿವಾಗಿತ್ತು.

ಮಳೆಗಾಲದ ಹೊತ್ತಿಗೆ ಶಶಿಕಾಂತರ ಕಂಪನಿ ಬಾಗಿಲು ಹಾಕಿತು ಎಂದು ಸುದ್ದಿ ಬಂತು. ಕಾಲೇಜಿನವರು ಒಂದು ಪತ್ರ ಬರೆದರು. ಖಾಜಾಸಾಬರ ಮೇಲಿನ ಆರೋಪ ಸುಳ್ಳು, ಸಂಸ್ಥೆ ವಿಷಾದಿಸುತ್ತದೆ ಎಂದು. ಅದನ್ನು ಪರಶಪ್ಪ ಅಂಚೆಗೆ ಹಾಕದೆ ತಾನೇ ಬಸ್ಸು ಹತ್ತಿ ತಂದು ಕೊಟ್ಟ. ಹಸೀನಾಗೆ ಓದಲು ಬರುತ್ತಿರಲಿಲ್ಲ. ಮಗಳಿಂದ ಎರಡು ಸಲ ಓದಿಸಿಕೊಂಡು, ಪರಶಪ್ಪನಿಗೆ ಊಟ ಮಾಡಿಸಿ ಕಳಿಸಿದಳು. ಊಟ ಮಾಡುವಾಗ ಅವನು ತಲೆ ಎತ್ತಲಿಲ್ಲ.

ಅದೇ ವಾರ ಸೂಡಿಯ ಶೈಲಶ್ರೀ ಎಂಬ ಹುಡುಗಿ ಅಂಗಡಿಗೆ ಬಂದಳು. ಸರ್ ಕಂಪನಿಯಲ್ಲಿದ್ದ ಐವರಲ್ಲಿ ಒಬ್ಬಳು. ಅಂದು ಲ್ಯಾಬಿನಲ್ಲೂ ಇದ್ದಳು. ರಿಪೇರಿಗೆ ಫೋನು ತಂದಿರಲಿಲ್ಲ.

"ಅಕ್ಕಾರ, ನಿಮ್ಮ ಸಿಟ್ಟು ತೀರಿತು, ಚಲೋ ಆತು," ಎಂದಳು. "ನಾವ್ ಐದ್ ಮಂದಿ ನಿಮಗೇನ್ ಮಾಡಿದ್ವಿ?"

ಆ ಐವರು ಲ್ಯಾಬಿನಲ್ಲಿ ನಿಂತಿದ್ದದ್ದು ಜಹೀದಾಳಿಗೆ ನೆನಪಿತ್ತು, ಆದರೆ ಅವರ ಮುಖ ಒಂದನ್ನೂ ಅವಳು ನೋಡಿರಲಿಲ್ಲ. ಹುಡುಗಿ ಉತ್ತರಕ್ಕೆ ಕಾಯಲೂ ಇಲ್ಲ, ಹೋಗಿಬಿಟ್ಟಳು.

ಮಧುಮತಿ ಎರಡು ಸಲ ಫೋನು ಮಾಡಿದ್ದಳು, ಪುಣೆಗೆ ಬಾ ಎಂದು. ಜಹೀದಾ ಒಪ್ಪಿರಲಿಲ್ಲ. ಮೂರನೆಯ ಸಲ ತಾನೇ ಫೋನು ಮಾಡಿ, ಕೆಲಸ ಗಜೇಂದ್ರಗಡದಲ್ಲಿಯೇ ಆಗಬೇಕು, ತನ್ನ ಜೊತೆಗೆ ಐವರನ್ನು ತೆಗೆದುಕೊಳ್ಳಬೇಕು ಎಂದಳು. ಪುಣೆಯವರು ಬಹಳ ದಿನ ಹಿಂದೆ ಮುಂದೆ ನೋಡಿದರು. ಕೊನೆಗೆ ಸಣ್ಣದಾಗಿ ಶುರು ಮಾಡಲು ಒಪ್ಪಿದರು. ನೇಕಾರರ ಓಣಿಯ ತುದಿಯಲ್ಲಿ, ಮಗ್ಗ ನಿಂತುಹೋಗಿದ್ದ ಒಂದು ದೊಡ್ಡ ಕೋಣೆ ಸಿಕ್ಕಿತು. ಮೊದಲ ಬೇಡಿಕೆ ಎಳೆಗೂಸುಗಳ ಪೆಟ್ಟಿಗೆಯ ಬೆಚ್ಚನೆಯ ಗಾಜಿನದು. ಐವರಲ್ಲಿ ಮೂವರು ಬೇರೆ ಕಡೆ ಕೆಲಸ ಹಿಡಿದಾಗಿತ್ತು. ಇಬ್ಬರು ಬಂದರು, ಅವರಲ್ಲಿ ಶೈಲಶ್ರೀ ಒಬ್ಬಳು. ಅವಳನ್ನು ಕರೆಯಲು ಜಹೀದಾ ಸ್ಕೂಟಿ ತೆಗೆದುಕೊಂಡು ಸೂಡಿಗೆ ತಾನೇ ಹೋಗಿದ್ದಳು. ಹುಡುಗಿ ಬಂದಳು, ಆದರೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಒಂದು ದಿನ ಜಹೀದಾಳ ಫೋನಿಗೆ ಶಶಿಕಾಂತರ ಉದ್ದನೆಯ ಸಂದೇಶ ಬಂತು. ಹಾವೇರಿಯ ಕಡೆ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದರಂತೆ. ತಪ್ಪಾಯಿತು, ದೊಡ್ಡ ಮನಸ್ಸು ಮಾಡಿ ಕ್ಷಮಿಸು ಎಂದು ಬರೆದಿದ್ದರು. ಅದನ್ನು ಓದುವಾಗ ಶೈಲಶ್ರೀ ಪಕ್ಕದಲ್ಲಿಯೇ ಗಾಜು ತೊಳೆಯುತ್ತಿದ್ದಳು. ಯಾರದು ಎಂದು ಕೇಳಿದಳು. ಜಹೀದಾ ಹೇಳಿದಳು. ಕ್ಷಮಿಸುತ್ತೀರಾ ಎಂದು ಹುಡುಗಿ ಕೇಳಿದಾಗ ಜಹೀದಾ ಫೋನು ಕೆಳಗಿಟ್ಟಳು.

"ಇಲ್ಲ," ಎಂದಳು. "ಆ ದಿನ ಮತ್ತ ಬಂದ್ರ ಮತ್ತ ಹಂಗ ಮಾಡ್ತೇನಿ. ನಿಮ್ಮ ಕಡೆ ನೋಡಲಿಲ್ಲಲ್ಲ, ಅದೊಂದು ತಪ್ಪಾತು."

ಶೈಲಶ್ರೀ ತೊಳೆದ ಗಾಜನ್ನು ಒರೆಸಿ, ಒಂದು ಹನಿ ನೀರು ಬಿಟ್ಟು ಮಗ್ಗಲು ನೋಡಿ, ಜಹೀದಾಳ ಕೈಗೆ ಕೊಟ್ಟಳು. ಹಂಚು ಕಾದಿತ್ತು.